ದುರ್ಬೀನಿನ ಪೀಠ

ವೀಣೆಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಕೊಡವು ಎಷ್ಟೇ ಉತ್ತಮವಾದ ಹಲಸಿನ ಮರದ್ದಾಗಿರಲಿ, ತಂತಿಯು ಎಷ್ಟೇ ಶುದ್ಧವಾಗಿರಲಿ, ಮೆಟ್ಟಿಲುಗಳನ್ನು ಹಿಡಿದಿರುವ ಮೇಣವು ಸಡಿಲವಾಯಿತೆಂದರೆ ಸ್ವರವು ಕೆಡುತ್ತದೆ. ಕೇಳುವವರು ವೈಣಿಕರನ್ನು ದೂರುವರು. ತಪ್ಪು ಮಾತ್ರ ಮೇಣದ್ದು. ರೈಫಲಿನ ಮೇಲೆ ಕೂರಿಸುವ ದುರ್ಬೀನಿನ ಚರಿತ್ರೆಯೂ ಬಹುಮಟ್ಟಿಗೆ ಇಂಥದೇ. ಗಾಜನ್ನು ಹೊಗಳಿದವರು ಹಲವರು. ಆ ಗಾಜಿಗೆ ಪೀಠವಾಗಿರುವ ಉಕ್ಕಿನ ಕಂಬಿಯ ವಿಚಾರವನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಯತ್ನಕ್ಕೆ ಕೈಹಾಕಿದವರಲ್ಲಿ ಬೊಂಬಾಯಿ ಸೈನ್ಯದ ಅಧಿಕಾರಿಯಾಗಿದ್ದ ಡೇವಿಡ್ ಡೇವಿಡ್‌ಸನ್ ಎಂಬಾತನು ಒಬ್ಬನು. ಆತನ ದುರ್ಬೀನನ್ನು ಇಂಗ್ಲೆಂಡಿನ ವಿಟ್‌ವರ್ತ್ ರೈಫಲುಗಳ ಎಡಮಗ್ಗುಲಿಗೆ ಜೋಡಿಸಿದರು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ಪಕ್ಷದ ಗುರಿಕಾರರು ಇಂಥ ಕೆಲವು ಬಂದೂಕುಗಳನ್ನು ಬಳಸಿದರು. ಗುಂಡು ಬಹುದೂರ ಹೋಗುತ್ತಿದ್ದುದೇನೋ ನಿಜ. ಆದರೆ ದುರ್ಬೀನು ಕಣ್ಣಿಗೆ ತೀರ ಸಮೀಪದಲ್ಲಿದ್ದುದರಿಂದ, ಬಂದೂಕು ಹಿಂದಕ್ಕೆ ಒದೆದಾಗ ಅದರ ತುದಿಯು ಬಡಿದು ಗುರಿಕಾರನ ಕಣ್ಣಿನ ಸುತ್ತ ಕಪ್ಪುಗಟ್ಟುತ್ತಿತ್ತು. ದುರ್ಬೀನನ್ನು ಬೇಕಾದಷ್ಟು ಮುಂದಕ್ಕೆ ಸರಿಸಲು ಸ್ಥಳವಿರಬೇಕೆಂಬ ಮೊದಲನೆಯ ಪಾಠವನ್ನು ಮನುಷ್ಯನು ಹೀಗೆ ಪೆಟ್ಟು ತಿಂದು ಕಲಿತನು.

ಎರಡನೆಯ ಪಾಠವು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ದೊರೆಯಿತು. ಬ್ರಿಟಿಷ್ ಸೈನಿಕನು ಐದೈದು ತೋಟಾಗಳ ಕಟ್ಟನ್ನು ಬಂದೂಕಿನ ಮೇಲುಭಾಗದಿಂದ ಒಳಕ್ಕೆ ಒತ್ತಿ ತುಂಬುತ್ತಿದ್ದನು. ಆ ದಾರಿಯು ತೆರೆದಿರಲೆಂದು ದುರ್ಬೀನನ್ನು ಮಧ್ಯದಲ್ಲಿಡದೆ ಎಡಕ್ಕೆ ಸರಿಸಿದರು. ಇದರಿಂದ ಕಣ್ಣಿನ ದಾರಿ ಒಂದು, ಗುಂಡಿನ ದಾರಿ ಮತ್ತೊಂದು ಆಯಿತು. ಉಕ್ಕಿನ ತಗಡಿನಲ್ಲಿ ಕೊರೆದ ಕಿರಿದಾದ ಕಿಂಡಿಯ ಮೂಲಕ ಗುರಿಯಿಡಬೇಕಾದವನಿಗೆ ಇದೊಂದು ಸಂಕಟ. ನಳಿಗೆಯು ಕಿಂಡಿಯೊಳಗೆ ಹೋದರೆ ದುರ್ಬೀನಿನ ಮುಂದೆ ಬರಿಯ ತಗಡು ಕಾಣುವುದು. ಮೇಜರ್ ಹೆಸ್ಕೆತ್ ಪ್ರಿಚರ್ಡ್ ಎಂಬಾತನು ೧೯೧೫ರಲ್ಲಿ ರಣರಂಗದ ರೈಫಲುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಹಲವು ಗುರಿ ತಪ್ಪಿದ್ದುವು. ೧೯೨೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಇದನ್ನೆಲ್ಲ ವಿವರಿಸಿರುವನು. ಬಂದೂಕು ಹಿಡಿದವನು ತನ್ನ ಕೈಯನ್ನೇ ಶಂಕಿಸುತ್ತಿದ್ದನು. ಎದುರು ಪಕ್ಷದವನ ಗುಂಡು ಮಾತ್ರ ತಪ್ಪುತ್ತಿರಲಿಲ್ಲ. ಅಲುಗಾಡುವ ಒಂದು ತಿರುಪಿಗೆ ತೆರಬೇಕಾದ ಬೆಲೆಯು ಅಲ್ಲಿ ಪ್ರಾಣವೇ ಆಗಿತ್ತು.

ಇಷ್ಟು ಸಣ್ಣ ದೋಷಕ್ಕೆ ಇಷ್ಟು ದೊಡ್ಡ ಫಲವೇಕೆಂದು ಕೇಳಬಹುದು. ಲೆಕ್ಕವು ಸುಲಭವಾದುದು. ದುರ್ಬೀನನ್ನು ಹಿಡಿದಿರುವ ಎರಡು ಬಳೆಗಳ ನಡುವೆ ೪ ಅಂಗುಲ ಅಂತರವಿದೆಯೆಂದು ಇಟ್ಟುಕೊಳ್ಳೋಣ. ಒಂದು ಬಳೆಯು ಅಂಗುಲದ ಸಾವಿರದಲ್ಲೊಂದು ಪಾಲು ಮಾತ್ರ ಪಕ್ಕಕ್ಕೆ ಸರಿಯಿತು. ೧೦೦ ಗಜವೆಂದರೆ ೩೬೦೦ ಅಂಗುಲ. ಆ ದೂರದಲ್ಲಿ ಗುರಿಯು ಮುಕ್ಕಾಲು ಅಂಗುಲಕ್ಕಿಂತಲೂ ಹೆಚ್ಚು ತಪ್ಪುವುದು. ೬೦೦ ಗಜದಲ್ಲಿ ತಪ್ಪು ೫ ಅಂಗುಲವನ್ನು ಮೀರುವುದು. ಬಳೆಗಳ ಅಂತರವನ್ನು ೮ ಅಂಗುಲಕ್ಕೆ ಹೆಚ್ಚಿಸಿದರೆ ಅದೇ ಅಲುಗಾಟದಿಂದಾಗುವ ತಪ್ಪು ಅರ್ಧಕ್ಕಿಳಿಯುವುದು. ಉದ್ದವಾದ ಪೀಠದ ಗುಣವೆಲ್ಲ ಈ ಲೆಕ್ಕದಲ್ಲಿ ಅಡಗಿದೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇದನ್ನು ಕಷ್ಟಪಟ್ಟು ಕಂಡುಕೊಂಡರು. ಅವರ ಮೌಸರ್ ರೈಫಲಿನ ಎಡಮಗ್ಗುಲಿಗೆ ಒಂದು ಗಿಡ್ಡ ಕಂಬಿಯನ್ನು ಮೂರು ತಿರುಪುಗಳಿಂದ ಬಿಗಿದಿದ್ದರು. ಬಂದೂಕಿನ ಒದೆತಕ್ಕೆ ಆ ತಿರುಪುಗಳು ಸಡಿಲವಾಗುತ್ತಿದ್ದುವು. ಮೊಳೆಗಳನ್ನು ಸೇರಿಸಿ ಭದ್ರಪಡಿಸಲು ನೋಡಿದರು. ಕಡೆಗೆ ೧೯೪೪ರಲ್ಲಿ ಬಂದೂಕಿನ ಗೂಡಿನ ಎಡಗೋಡೆಯನ್ನೇ ದಪ್ಪಮಾಡಿ, ಅದರ ಮೇಲೆ ಉದ್ದವಾದ ಕಂಬಿಯನ್ನು ಕೂರಿಸಿದರು. ಬ್ರಿಟಿಷರಾದರೋ ೧೯೪೨ರಿಂದ ತಮ್ಮ ನಾಲ್ಕನೆಯ ನಮೂನೆಯ ರೈಫಲಿಗೆ ಹಿಂದೊಂದು ಮುಂದೊಂದು ಉಕ್ಕಿನ ಮೆತ್ತೆಗಳನ್ನು ಜೋಡಿಸಿ, ದುರ್ಬೀನನ್ನು ನಳಿಗೆಯ ನೇರಕ್ಕೆ ತಂದರು. ತೋಟಾಗಳನ್ನು ಒಂದೊಂದಾಗಿ ತುಂಬುವ ತೊಡಕನ್ನು ಒಪ್ಪಿಕೊಂಡರು. ಯಾವ ದುರ್ಬೀನು ಯಾವ ಬಂದೂಕಿನದೆಂಬ ಸಂಖ್ಯೆಯನ್ನು ಬಂದೂಕಿನ ಮರದ ಮೇಲೆಯೇ ಒತ್ತಿಸಿದರು. ಒಂದಕ್ಕೆ ಹೊಂದಿಸಿದುದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿದುದು ಏಕರೀತಿಯ ಅಳತೆ. ೧೯೯೫ರಲ್ಲಿ ಅಮೆರಿಕದ ಸೈನ್ಯವು ಪಿಕಟಿನ್ನಿ ಎಂಬ ಹೆಸರಿನ ಕಂಬಿಯ ಅಳತೆಗಳನ್ನು ಗೊತ್ತುಮಾಡಿತು. ಅದರ ಅಡ್ಡಗಾಡಿಗಳು ಒಂದರಿಂದೊಂದಕ್ಕೆ ಸುಮಾರು ೧೦ ಮಿಲಿಮೀಟರು ದೂರದಲ್ಲಿರುತ್ತವೆ. ಬಳೆಯ ಅಡ್ಡಕೀಲು ಗಾಡಿಯಲ್ಲಿ ಕುಳಿತು ಒದೆತವನ್ನು ತಡೆಯುತ್ತದೆ. ಬಂದೂಕಿನ ಗೂಡಿನ ಹಿಂಭಾಗ ಮುಂಭಾಗಗಳೆರಡನ್ನೂ ಸೇತುವೆಯಂತೆ ಕೂಡಿಸಿ, ಇನ್ನೂ ಮುಂದಕ್ಕೆ ಚಾಚುವ ಉದ್ದಕಂಬಿಗಳು ಈಗ ಬಳಕೆಯಲ್ಲಿವೆ. ಕಣ್ಣಿಗೆ ತಕ್ಕ ದೂರ, ಬಳೆಗಳಿಗೆ ತಕ್ಕ ಅಂತರ, ರಾತ್ರಿಯ ಹೊತ್ತು ನೋಡುವ ಉಪಕರಣಕ್ಕೆ ಮುಂದುಗಡೆ ಸ್ಥಳ, ಇವು ಮೂರೂ ಅದರಿಂದ ಒದಗುತ್ತವೆ.

ಹಾಗೆಂದು ಉದ್ದವಾದುದೆಲ್ಲ ಒಳ್ಳೆಯದೆಂದು ತಿಳಿಯತಕ್ಕದ್ದಲ್ಲ. ಚಾಚಿದ ಭಾಗವು ತೆಳುವಾಗಿದ್ದರೆ ಬಾಗುವುದು. ನಳಿಗೆಯು ಕಾದಾಗ ಹಿಗ್ಗುವುದರಿಂದ, ಕಂಬಿಯು ಅದಕ್ಕೆ ತಾಗಿದರೆ ಗುರಿ ಕೆಡುವುದು. ಕಂಬಿಯ ತಳವು ಗೂಡಿನ ಮೇಲೆ ಪೂರ್ತಿಯಾಗಿ ಕೂರದಿದ್ದಲ್ಲಿ, ತಿರುಪು ಬಿಗಿದಷ್ಟೂ ಕಂಬಿಯು ಸೊಟ್ಟಗಾಗುವುದು. ಆದುದರಿಂದ ಆರಿಸುವವನು ಮೊದಲು ತಳವನ್ನು ನೋಡಬೇಕು, ಆಮೇಲೆ ದಪ್ಪವನ್ನು, ಉದ್ದವನ್ನು ಕೊನೆಯಲ್ಲಿ.

ಈ ಕಬ್ಬಿಣದ ತುಂಡು ಬೆಳೆದು ಬಂದುದು ಬಹುಮಟ್ಟಿಗೆ ಯುದ್ಧಗಳಲ್ಲಿ ಎಂಬುದನ್ನು ನೆನೆದರೆ ಮನಸ್ಸು ಭಾರವಾಗದಿರದು. ಇಂದು ಪಂದ್ಯದ ಬಯಲುಗಳಲ್ಲಿ ಕಾಗದದ ಗುರಿಯನ್ನು ಹೊಡೆಯುವವರಿಗೂ ಅದು ಉಪಯುಕ್ತವಾಗಿದೆ. ಅಂಥವರು ಗುಂಡು ತಪ್ಪಿದಾಗ ಗಾಜನ್ನಾಗಲಿ ತಮ್ಮ ಕೈಯನ್ನಾಗಲಿ ದೂರುವ ಮುನ್ನ ಒಮ್ಮೆ ತಿರುಪುಗಳನ್ನು ಮುಟ್ಟಿ ನೋಡಿದರೆ, ಕಂದಕದಲ್ಲಿ ಆ ಅವಕಾಶವಿಲ್ಲದೆ ಹೋದವರಿಂದ ಒಂದು ಪಾಠವನ್ನಾದರೂ ಕಲಿತಂತಾಗುವುದು.