ಮನೆಯ ತೆರೆಯೂ ಪ್ರೇಕ್ಷಕರ ಅಭಿಪ್ರಾಯವೂ: ‘ಮೈ ಫೇರ್ ಲೇಡಿ’ ಚಿತ್ರದ ನಿದರ್ಶನ

ಒಂದು ಕಲಾಕೃತಿಯನ್ನು ಕುರಿತು ಜನರು ಆಡಿದ ಮಾತು ಆ ಕೃತಿಯ ಚರಿತ್ರೆಗೆ ಆಧಾರವಾಗಬಲ್ಲುದೆ? ಸಾಹಿತ್ಯಚರಿತ್ರೆಯ ಅಭ್ಯಾಸಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಪ್ರಾಚೀನ ಕಾವ್ಯವೊಂದನ್ನು ಕುರಿತು ಹಿಂದಿನ ವಿದ್ವಾಂಸನೊಬ್ಬನ ಮೆಚ್ಚಿಕೆಯೋ ಆಕ್ಷೇಪವೋ ದೊರೆತಾಗ, ಅವನ ಮುಂದಿದ್ದ ಓಲೆಪ್ರತಿ ಯಾವುದು, ಅದರಲ್ಲಿ ಗರಿಗಳು ಲೋಪವಾಗಿದ್ದುವೆ, ಲಿಪಿಕಾರನ ಕೈವಾಡವೆಷ್ಟು ಎಂಬುದನ್ನು ವಿಚಾರಿಸಿದ ಮೇಲೆಯೇ ಆ ಮಾತಿಗೆ ಬೆಲೆ ಕಟ್ಟುವುದು ನಮ್ಮಲ್ಲಿ ರೂಢಮೂಲವಾದ ಕ್ರಮ. ಚಲಚ್ಚಿತ್ರದ ವಿಷಯದಲ್ಲಿ ಈ ಎಚ್ಚರಿಕೆ ಅಷ್ಟಾಗಿ ಕಾಣಬರುವುದಿಲ್ಲ. ಚಿತ್ರವು ಎಲ್ಲ ಕಡೆಯಲ್ಲಿಯೂ ಎಲ್ಲ ಕಾಲದಲ್ಲಿಯೂ ಒಂದೇ ಆಗಿರುವುದೆಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು, ಮನೆಯಲ್ಲಿಯೇ ನೋಡುವ ಕ್ಯಾಸೆಟ್ಟು ಮತ್ತು ತಟ್ಟೆಗಳ ರೂಪದಲ್ಲಿ ಬಹುಕಾಲ ಬಾಳಿದ ಒಂದು ಗೀತಪ್ರಧಾನ ಪ್ರಣಯಚಿತ್ರದ ಮೂಲಕ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿತ್ರದ ಪೂರ್ವಚರಿತ್ರೆಯನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಜಾರ್ಜ್ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವು 1913ರಲ್ಲಿ ವಿಯೆನ್ನಾದಲ್ಲಿಯೂ 1914ರಲ್ಲಿ ಲಂಡನ್ನಿನಲ್ಲಿಯೂ ರಂಗವೇರಿತು. ಅದನ್ನು ಆಧರಿಸಿ ಅಲನ್ ಜೇ ಲರ್ನರ್ ಸಾಹಿತ್ಯವನ್ನೂ ಫ್ರೆಡರಿಕ್ ಲೋ ಸಂಗೀತವನ್ನೂ ರಚಿಸಿದ ‘ಮೈ ಫೇರ್ ಲೇಡಿ’ 1956ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ, 1962ರವರೆಗೆ 2,717 ಪ್ರದರ್ಶನಗಳನ್ನು ಕಂಡಿತು. ಜಾರ್ಜ್ ಕ್ಯೂಕರ್ ನಿರ್ದೇಶಿಸಿದ ಚಲಚ್ಚಿತ್ರವು 1964ರ ಅಕ್ಟೋಬರಿನಲ್ಲಿ ತೆರೆಗೆ ಬಂದು, ಉತ್ತಮ ಚಿತ್ರಕ್ಕೆ ಸಲ್ಲುವ ಪ್ರಶಸ್ತಿಯೂ ಸೇರಿದಂತೆ 8 ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಹೂ ಮಾರುವ ಹುಡುಗಿ ಎಲೈಜಾಳಿಗೆ ಧ್ವನಿಶಾಸ್ತ್ರಜ್ಞ ಹಿಗಿನ್ಸನು ಮೇಲ್ವರ್ಗದ ನುಡಿಯನ್ನು ಕಲಿಸಿ, ಆಕೆಯನ್ನು ರಾಜಸಭೆಗೂ ಒಪ್ಪುವಂತೆ ಮಾಡುವುದೇ ಕಥೆಯ ತಿರುಳು.

ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕನಿಗೆ ಚಿತ್ರವು ಹರಿದುಹೋಗುವ ಹೊಳೆ. ಕಂಡದ್ದನ್ನು ಮತ್ತೆ ಕಾಣುವುದು ಅವನ ಕೈಯಲ್ಲಿಲ್ಲ. 1975ರಲ್ಲಿ ಬೀಟಾಮ್ಯಾಕ್ಸ್, 1976ರಲ್ಲಿ ವಿಎಚ್‌ಎಸ್ ಪದ್ಧತಿಯ ಯಂತ್ರಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಪ್ರೇಕ್ಷಕನು ಓದುಗನಂತಾದನು: ನಿಲ್ಲಿಸಬಲ್ಲನು, ಹಿಂದಕ್ಕೆ ಹೋಗಬಲ್ಲನು, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಬಲ್ಲನು. ಆದರೆ ಈ ಅನುಕೂಲದ ಜೊತೆಯಲ್ಲಿಯೇ ಒಂದು ನಷ್ಟವೂ ಬಂದಿತು. ಈ ಚಿತ್ರವನ್ನು 65 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ತೆಗೆದಿದ್ದರು. ತೆರೆಯ ಮೇಲೆ ಅದರ ಅಗಲವು ಎತ್ತರದ 2.20 ಪಾಲು. ಅಂದಿನ ಟೆಲಿವಿಷನ್ ಪೆಟ್ಟಿಗೆಯ ತೆರೆಯಾದರೋ ಎತ್ತರದ 1.33 ಪಾಲು ಮಾತ್ರ. ಇದನ್ನು ತುಂಬುವಂತೆ ಚಿತ್ರವನ್ನು ಕತ್ತರಿಸಿದಾಗ, ಒಂದು ಕ್ಷಣದಲ್ಲಿ ಸುಮಾರು ನೂರಕ್ಕೆ 40ರಷ್ಟು ಭಾಗ ಕಣ್ಣಿಗೆ ಬೀಳದೆ ಹೋಗುತ್ತದೆ. ಸೆಸಿಲ್ ಬೀಟನ್ ಅವರು ಕಪ್ಪು ಬಿಳುಪು ಉಡುಪುಗಳಲ್ಲಿ ರೂಪಿಸಿದ ಆಸ್ಕಟ್ ಕುದುರೆಪಂದ್ಯದ ದೃಶ್ಯದಲ್ಲಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಲುಗಾಡದೆ ನಿಂತ ಕುಲೀನರ ಸಾಲೇ ಹಾಸ್ಯದ ಮೂಲ. ಸಾಲು ತುಂಡಾದರೆ ಹಾಸ್ಯವೂ ತುಂಡಾಗುತ್ತದೆ. ಇಂಥ ಪ್ರತಿಯನ್ನು ನೋಡಿದವನು ಆ ದೃಶ್ಯವು ಜಡವಾಗಿದೆಯೆಂದರೆ ಅವನು ಅರಸಿಕನೆಂದು ಹೇಳುವಂತಿಲ್ಲ. ಅವನ ಮುಂದಿದ್ದುದು ಗರಿ ಕಳೆದ ಪ್ರತಿ. ಮುಂದೆ ಲೇಸರ್ ಡಿಸ್ಕ್ ಮತ್ತು ಡಿವಿಡಿಗಳಲ್ಲಿ ಪೂರ್ಣ ಅಗಲದ ಚಿತ್ರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿಗಳೊಡನೆ ಕೊಡುವ ಪದ್ಧತಿ ಬಂದಾಗ, ಆ ಪಟ್ಟಿಗಳೇ ಚಿತ್ರವನ್ನು ಮರೆಮಾಡಿವೆಯೆಂದು ಆಕ್ಷೇಪಿಸಿದವರೂ ಉಂಟು. ಲೋಪವಿದ್ದ ಪ್ರತಿಯು ಪೂರ್ಣವಾಗಿಯೂ ಪೂರ್ಣ ಪ್ರತಿಯು ಲುಪ್ತವಾಗಿಯೂ ಕಂಡದ್ದು ಅಭಿಪ್ರಾಯದ ಇತಿಹಾಸದಲ್ಲಿ ಗಮನಾರ್ಹವಾದ ಸಂಗತಿ.

ಮೂಲ ನೆಗೆಟಿವೂ ಕಾಲದ ಪೆಟ್ಟಿನಿಂದ ತಪ್ಪಿಸಿಕೊಳ್ಳಲಿಲ್ಲ. ಶಿಥಿಲವಾಗಿದ್ದ ಅದನ್ನು ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕ್ಯಾಟ್ಸ್ 1994ರಲ್ಲಿ ಜೀರ್ಣೋದ್ಧಾರ ಮಾಡಿದರು. ಆದರೂ 2011ರಲ್ಲಿ ಹೊರಬಂದ ಬ್ಲೂ-ರೇ ಮುದ್ರಣವು ಇಂಥ ಚಿತ್ರದ ಘನತೆಗೆ ತಕ್ಕುದಲ್ಲವೆಂದು ಬಲ್ಲ ಪ್ರೇಕ್ಷಕರು ನಿರಾಶೆ ವ್ಯಕ್ತಪಡಿಸಿದರು. ಅನಂತರ ಹ್ಯಾರಿಸ್ ಅವರ ನೆರವಿನಿಂದ ಮೂಲ ನೆಗೆಟಿವನ್ನೇ ಮತ್ತೆ ಶೋಧಿಸಿ ಸಿದ್ಧಪಡಿಸಿದ ಹೊಸ ಪ್ರತಿ 2015ರಲ್ಲಿ ಪ್ರಕಟವಾಯಿತು. ಆಕ್ಷೇಪವೊಂದೇ ಇದಕ್ಕೆ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಮನೆಯ ಪ್ರೇಕ್ಷಕನು ಕಥೆಯ ಗುಣದೋಷಗಳ ಜೊತೆಗೆ ಪಾಠದ ಗುಣದೋಷಗಳನ್ನೂ ವಿಚಾರಿಸತೊಡಗಿದ್ದನೆಂಬುದಕ್ಕೆ ಇದು ಸಾಕ್ಷಿ.

ಇದಕ್ಕಿಂತಲೂ ಮುಖ್ಯವಾದುದು ಧ್ವನಿಯ ಪ್ರಶ್ನೆ. ರಂಗದಲ್ಲಿ ಎಲೈಜಾ ಆಗಿ ಹೆಸರಾಗಿದ್ದವರು ಜೂಲಿ ಆಂಡ್ರೂಸ್. ಚಿತ್ರದಲ್ಲಿ ಆ ಪಾತ್ರ ಆಡ್ರಿ ಹೆಪ್‌ಬರ್ನ್ ಅವರಿಗೆ ದೊರೆಯಿತು. ಹೆಪ್‌ಬರ್ನ್ ಹಾಡುಗಳನ್ನು ತಾವೇ ಅಭ್ಯಾಸಮಾಡಿ ಹಾಡಿದ್ದರೂ, ಅವುಗಳ ಬಹುಭಾಗವನ್ನು ತೆಗೆದು ಮಾರ್ನಿ ನಿಕ್ಸನ್ ಎಂಬ ಗಾಯಕಿಯ ಧ್ವನಿಯನ್ನು ಸೇರಿಸಲಾಯಿತು. ನಿಕ್ಸನ್ ಅವರ ಹೆಸರು ಚಿತ್ರದ ಶೀರ್ಷಿಕೆಗಳಲ್ಲಿ ಕಾಣಿಸಲಿಲ್ಲ. ಆ ವರ್ಷದ ಉತ್ತಮ ನಟಿಯ ಆಸ್ಕರ್ ಪ್ರಶಸ್ತಿಗೆ ಹೆಪ್‌ಬರ್ನ್ ಸೂಚಿತರಾಗಲಿಲ್ಲ. ‘ಮೇರಿ ಪಾಪಿನ್ಸ್’ ಚಿತ್ರಕ್ಕಾಗಿ ಅದು ಆಂಡ್ರೂಸ್ ಅವರಿಗೆ ಸಂದಿತು. ಪರರ ನುಡಿಯನ್ನು ಹೊತ್ತು ತನ್ನ ನುಡಿಯನ್ನು ಕಳೆದುಕೊಂಡ ಹೆಣ್ಣಿನ ಕಥೆಯಲ್ಲಿ, ನಟಿ ತನ್ನ ಧ್ವನಿಯನ್ನೂ ಗಾಯಕಿ ತನ್ನ ಹೆಸರನ್ನೂ ಕಳೆದುಕೊಂಡದ್ದು ವಿಧಿಯ ವಿಡಂಬನೆಯೆನ್ನಬೇಕು.

1964ರ ಪ್ರೇಕ್ಷಕನಿಗೆ ಈ ವಿಷಯ ಪತ್ರಿಕೆಯ ಸುದ್ದಿಯಾಗಿತ್ತು, ಪರೀಕ್ಷಿಸುವ ಉಪಾಯವಿರಲಿಲ್ಲ. ಮನೆಯ ಪ್ರೇಕ್ಷಕನಾದರೋ ‘ಜಸ್ಟ್ ಯು ವೇಟ್’ ಹಾಡಿನ ಆರಂಭದಲ್ಲಿ ಉಳಿದಿರುವ ಹೆಪ್‌ಬರ್ನ್ ಅವರ ಸ್ವಂತ ಧ್ವನಿಯನ್ನೂ, ಮುಂದೆ ಅದು ನಿಕ್ಸನ್ ಅವರ ಧ್ವನಿಗೆ ಎಡೆಗೊಡುವ ಬೆಸುಗೆಯನ್ನೂ ಮತ್ತೆ ಮತ್ತೆ ಕೇಳಿ ಗುರುತಿಸಬಲ್ಲನು. ಡಿವಿಡಿ ಮುದ್ರಣಗಳಲ್ಲಿ ‘ವುಡಂಟ್ ಇಟ್ ಬಿ ಲವರ್ಲಿ’, ‘ಷೋ ಮಿ’ ಎಂಬೆರಡು ಹಾಡುಗಳನ್ನು ಹೆಪ್‌ಬರ್ನ್ ಅವರ ಧ್ವನಿಯಲ್ಲಿಯೇ ದೃಶ್ಯದೊಡನೆ ಕೂಡಿಸಿ ಕೊಟ್ಟರು. ಇವು ನಿಜವಾಗಿ ಪಾಠಾಂತರಗಳು. ಈ ಧ್ವನಿ ತೆಳುವಾದರೂ ಬೀದಿಯ ಹುಡುಗಿಗೆ ಒಪ್ಪುತ್ತದೆಯೆಂಬುದು ಒಂದು ಪಕ್ಷ. ಇಂಥ ಸಂಗೀತಕ್ಕೆ ಪಳಗಿದ ಕಂಠವೇ ಬೇಕೆಂಬುದು ಇನ್ನೊಂದು ಪಕ್ಷ. ಯಾವ ಪಕ್ಷ ಗೆದ್ದರೂ ಒಂದು ಲಾಭ ನಿಶ್ಚಿತ: ಇಬ್ಬರು ಸ್ತ್ರೀಯರ ದುಡಿಮೆಯೂ ಬೇರೆ ಬೇರೆಯಾಗಿ ಕೇಳಿಸಿತು. ‘ದಿ ಕಿಂಗ್ ಅಂಡ್ ಐ’ ಮತ್ತು ‘ವೆಸ್ಟ್ ಸೈಡ್ ಸ್ಟೋರಿ’ ಚಿತ್ರಗಳಲ್ಲಿಯೂ ಪರರಿಗಾಗಿ ಹಾಡಿದ ನಿಕ್ಸನ್ 2006ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು; 2016ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರು ಅಜ್ಞಾತವಾಗಿ ಉಳಿದಿರಲಿಲ್ಲ.

ಇನ್ನು ಮುಕ್ತಾಯದ ಚರ್ಚೆ. ಎಲೈಜಾ ಹಿಗಿನ್ಸನನ್ನು ವರಿಸುವಳೆಂಬ ಕಲ್ಪನೆಯನ್ನು ಷಾ ಒಪ್ಪಲಿಲ್ಲ. ಆಕೆ ಫ್ರೆಡಿಯನ್ನು ಮದುವೆಯಾಗುವಳೆಂದು 1916ರ ಮುದ್ರಣದ ಉತ್ತರಭಾಗದಲ್ಲಿ ವಿವರಿಸಿದರು. ಚಿತ್ರದಲ್ಲಿ ಆಕೆ ಹಿಗಿನ್ಸನ ಮನೆಗೆ ಮರಳುತ್ತಾಳೆ. ಅವನು ತನ್ನ ಚಪ್ಪಲಿ ಎಲ್ಲಿಯೆಂದು ಕೇಳುತ್ತಾನೆ. ಇದನ್ನು ಪ್ರಣಯದ ಸಫಲತೆಯೆಂದು ಸವಿದವರುಂಟು. ಸ್ತ್ರೀಯ ಸ್ವಾತಂತ್ರ್ಯಕ್ಕೆ ಒದಗಿದ ಸೋಲೆಂದು ನೊಂದವರೂ ಉಂಟು. 2018ರಲ್ಲಿ ಬಾರ್ಟ್‌ಲೆಟ್ ಶರ್ ನ್ಯೂಯಾರ್ಕಿನ ರಂಗದ ಮೇಲೆ ಈ ಕೃತಿಯನ್ನು ಮತ್ತೆ ಪ್ರಯೋಗಿಸಿದಾಗ ಎಲೈಜಾ ಹಿಗಿನ್ಸನನ್ನು ಬಿಟ್ಟು ಹೊರನಡೆಯುವಂತೆ ಮಾಡಿದರು. ಇಲ್ಲಿ ಪ್ರತಿಯ ದೋಷದ ಮಾತಿಲ್ಲ. ಪಾಠವು ಒಂದೇ, ಬದಲಾದುದು ನೋಡುವವರ ಕಾಲ. ಮೊದಲೆರಡು ಚರ್ಚೆಗಳಿಂದ ಈ ಮೂರನೆಯದನ್ನು ಬೇರ್ಪಡಿಸುವುದು ಅಗತ್ಯ.

ಆದುದರಿಂದ ಇಂಥ ಚಿತ್ರವನ್ನು ಕುರಿತ ಜನಾಭಿಪ್ರಾಯವನ್ನು ಆಧಾರವಾಗಿ ಬಳಸುವ ಅಭ್ಯಾಸಿಯು ಮೊದಲು ಕೇಳಬೇಕಾದದ್ದು ಎರಡು ಪ್ರಶ್ನೆ: ಈ ಪ್ರೇಕ್ಷಕನು ಯಾವ ಪ್ರತಿಯನ್ನು ಕಂಡನು? ಯಾವ ಕಾಲದಲ್ಲಿ ಕಂಡನು? ಮೊದಲನೆಯದಕ್ಕೆ ಉತ್ತರ ದೊರೆತರೆ ಪ್ರತಿಯ ದೋಷವನ್ನು ಕೃತಿಯ ಮೇಲೆ ಹೊರಿಸುವ ತಪ್ಪು ನಿವಾರಣೆಯಾಗುತ್ತದೆ. ಎರಡನೆಯದಕ್ಕೆ ದೊರೆತರೆ ಒಂದು ಕಾಲದ ಮನಸ್ಸನ್ನು ಕೃತಿಯ ನಿತ್ಯಗುಣವೆಂದು ಭ್ರಮಿಸುವ ತಪ್ಪು. ಹಳೆಯ ಕ್ಯಾಸೆಟ್ಟುಗಳನ್ನು ಹೊಸ ತಟ್ಟೆಗಳು ಬಂದುವೆಂದು ಗ್ರಂಥಾಲಯಗಳು ಹೊರಹಾಕುವುದು ಸಹಜ. ಆದರೆ ಪರಿಷ್ಕೃತ ಮುದ್ರಣ ಬಂದಿತೆಂದು ಓಲೆಗರಿಗಳನ್ನು ಸುಟ್ಟವರನ್ನು ನಾವು ಕ್ಷಮಿಸುವುದಿಲ್ಲ. ಒಂದು ಪೀಳಿಗೆಯವರು ಈ ಚಿತ್ರವನ್ನು ಕಂಡು ನಕ್ಕದ್ದು, ಅತ್ತದ್ದು, ಬೇಸರಪಟ್ಟದ್ದು ಕತ್ತರಿಸಿದ ಆ ಪ್ರತಿಗಳ ಮುಂದೆಯೇ. ಅವು ಇಲ್ಲವಾದರೆ ಅವರ ಮಾತು ಉಳಿದೀತು. ಅದರ ಅರ್ಥ ಉಳಿಯದು.