ಗೋಡೆ ಒರೆಸುತ್ತಿದ್ದ ಹಿಟ್ಟು

ಮೈದಾ, ಉಪ್ಪು, ನೀರು, ಒಂದಿಷ್ಟು ಎಣ್ಣೆ. ಇವನ್ನು ಬಾಣಲೆಯಲ್ಲಿ ಕೆದಕಿ ಮುದ್ದೆ ಮಾಡಿದರೆ ಮಕ್ಕಳು ಗೊಂಬೆ ಮಾಡಿ ಆಡುವ ಹಿಟ್ಟು ಸಿದ್ಧ. ಅಂಗಡಿಯ ಪ್ಲೇ-ಡೋ ಡಬ್ಬಿಗೆ ಇದು ಅಗ್ಗದ ಬದಲಿ ಎಂಬ ಮಾತಿದೆ. ಚರಿತ್ರೆ ನೋಡಿದರೆ ಮಾತು ತಿರುಗುಮುರುಗಾಗುತ್ತದೆ: ಮನೆಯ ಹಿಟ್ಟು ಮೊದಲು, ಡಬ್ಬಿ ಆಮೇಲೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಎಷ್ಟೋ ಮನೆಗಳು ಚಳಿಗಾಲದಲ್ಲಿ ಬೆಚ್ಚಗಿರುತ್ತಿದ್ದುದು ಕಲ್ಲಿದ್ದಲಿನಿಂದ. ಅದರ ಮಸಿ ಗೋಡೆಗೆ ಅಂಟಿಸಿದ ಬಣ್ಣದ ಕಾಗದದ ಮೇಲೆ ಕೂರುತ್ತಿತ್ತು. ನೀರು ಹಾಕಿ ಒರೆಸಿದರೆ ಕಾಗದವೇ ಹಾಳು. ಹೆಂಗಸರು ಹಳಸಲು ಬ್ರೆಡ್ಡಿನಿಂದಲೋ ಹಿಟ್ಟಿನ ಮುದ್ದೆಯಿಂದಲೋ ಮಸಿಯನ್ನು ಉಜ್ಜಿ ತೆಗೆಯುತ್ತಿದ್ದರು. ಆ ಮುದ್ದೆಯನ್ನು ಡಬ್ಬಿಯಲ್ಲಿ ತುಂಬಿ ಮಾರಿದವರಲ್ಲಿ ಓಹಾಯೊ ರಾಜ್ಯದ ಸಿನ್ಸಿನಾಟಿಯ ಕುಟಾಲ್ ಕಂಪನಿಯೂ ಒಂದು. 1933ರಲ್ಲಿ ಕ್ಲಿಯೊ ಮೆಕ್‌ವಿಕರ್ ಅವರು ಕ್ರೋಗರ್ ಅಂಗಡಿಗಳಿಗೆ ಅದನ್ನು ಒದಗಿಸಲು ಒಪ್ಪಿಕೊಂಡರು. ಅದರ ಹದ ಕೂಡಿಸಿದವರು ಸಹೋದರ ನೋವಾ.

ಎರಡನೆಯ ಮಹಾಯುದ್ಧದ ನಂತರ ಒಲೆಗಳಿಗೆ ಅನಿಲ ಬಂತು, ನೀರಿನಲ್ಲಿ ತೊಳೆಯಬಹುದಾದ ವಿನೈಲ್ ಗೋಡೆಹಾಳೆಯೂ ಬಂತು. ಮಸಿಯೇ ಇಲ್ಲದ ಮೇಲೆ ಮಸಿ ತೆಗೆಯುವ ಹಿಟ್ಟು ಯಾರಿಗೆ ಬೇಕು? ಕ್ಲಿಯೊ ತೀರಿಕೊಂಡ ಮೇಲೆ ಮಗ ಜೋ ಅವರ ಹೆಗಲಿಗೆ ಬಿದ್ದದ್ದು ಮುಳುಗುತ್ತಿರುವ ವ್ಯಾಪಾರ.

ದಾರಿ ತೋರಿಸಿದವರು ಅವರ ಸಂಬಂಧಿ, ಶಿಶುವಿಹಾರ ನಡೆಸುತ್ತಿದ್ದ ಕೇ ಜುಫಾಲ್. ಮಾಮೂಲಿ ಜೇಡಿ ಪುಟ್ಟ ಕೈಗಳಿಗೆ ತೀರ ಗಟ್ಟಿ. ಗೋಡೆ ಒರೆಸುವ ಹಿಟ್ಟಿನಿಂದ ಅಲಂಕಾರದ ವಸ್ತು ಮಾಡಬಹುದೆಂದು ಓದಿದ ಕೇ, ಅದನ್ನು ತಂದು ಮಕ್ಕಳ ಮುಂದಿಟ್ಟರು. ಮಕ್ಕಳು ಬಿಡಲೊಲ್ಲರು. ಅವರು ಜೋಗೆ ಸುದ್ದಿ ಮುಟ್ಟಿಸಿದರು. ಕಂಪನಿ ಯೋಚಿಸಿದ್ದ ಉದ್ದನೆಯ ಹೆಸರನ್ನು ಒಪ್ಪದೆ, ಪ್ಲೇ-ಡೋ ಎಂಬ ಹೆಸರನ್ನು ಸೂಚಿಸಿದವರೂ ಕೇ ಮತ್ತು ಅವರ ಪತಿ. 1956ರಲ್ಲಿ ಅದು ಆಟಿಕೆಯಾಗಿ ಮಾರುಕಟ್ಟೆಗೆ ಬಂತು.

1965ರಲ್ಲಿ ಸಿಕ್ಕ ಪೇಟೆಂಟಿನಲ್ಲಿರುವುದು ನೋವಾ ಮತ್ತು ಜೋ ಹೆಸರು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ, ಹಿಟ್ಟಿನ ಹದ ಅವರದು. ಆದರೆ ಅದೇ ಹಿಟ್ಟು ವರ್ಷಗಟ್ಟಲೆ ಅವರ ಕಾರ್ಖಾನೆಯಲ್ಲೇ ಇತ್ತು, ಅವರಿಗೆ ಕಂಡದ್ದು ಗೋಡೆ ಮಾತ್ರ. ಮಕ್ಕಳ ಬೆರಳು ಕಂಡದ್ದು ಟೀಚರಿಗೆ. ಹಿಟ್ಟನ್ನು ಮಾಡಿದವರಿಗೆ ಪೇಟೆಂಟ್ ಸಿಕ್ಕಿತು. ಅದು ಯಾತಕ್ಕೆ ಒದಗುತ್ತದೆಂದು ಕಂಡವರಿಗೆ ಸಿಗಲಿಲ್ಲ.

ಮನೆಯಲ್ಲಿ ಮಾಡುವುದಾದರೆ ಎರಡು ಲೋಟ ಮೈದಾ, ಒಂದು ಲೋಟ ಪುಡಿಯುಪ್ಪು, ಎರಡು ಲೋಟ ನೀರು, ಎರಡು ದೊಡ್ಡ ಚಮಚ ಎಣ್ಣೆ, ಅರ್ಧ ಹೋಳು ನಿಂಬೆರಸ. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಕೆದಕಿ, ಆರಿದ ಮೇಲೆ ನಾದಬೇಕು. ಬಿಸಿಗೆ ಮೈದಾದ ಪಿಷ್ಟ ನೀರು ಕುಡಿದು ಉಬ್ಬುವುದರಿಂದ ಮುದ್ದೆ ಕೈಗೆ ಮೆತ್ತುವುದಿಲ್ಲ. ಉಪ್ಪು ಬೂಸ್ಟು ಬರದಂತೆ ಕಾಯುತ್ತದೆ, ಎಣ್ಣೆ ಬಿರುಕು ತಡೆಯುತ್ತದೆ. ಮುಂಬಯಿ, ಚೆನ್ನೈಗಳ ತೇವದ ಗಾಳಿಯಲ್ಲಿ ಉಪ್ಪು ನೀರೆಳೆದು ಮುದ್ದೆ ಜಿಗುಟಾಗುತ್ತದೆ. ಆಗ ಸ್ವಲ್ಪ ಮೈದಾ ಸೇರಿಸಿ ನಾದಿ, ಬಿಗಿ ಡಬ್ಬಿಯಲ್ಲಿಟ್ಟರಾಯಿತು. ಇಷ್ಟು ಉಪ್ಪು ಹೊಟ್ಟೆಗೆ ಹೋದರೆ ಅಪಾಯ, ಆದ್ದರಿಂದ ಮಕ್ಕಳ ಬಾಯಿಗೂ ಸಾಕುನಾಯಿಗೂ ಸಿಗಬಾರದು.

ತಂಬಿಟ್ಟಿನ ಆರತಿಗೆ ಹಿಟ್ಟಿನಲ್ಲೇ ದೀಪ ತಿದ್ದುವ ಕೈಗಳಿಗೆ ಈ ಕೆಲಸ ಹೊಸದೇನಲ್ಲ.