ಚಂದ್ರಗುತ್ತಿ ಸೀಮೆಯ ಕುಟುಂಬ: ಒಲೆ ಬೇರೆಯಾದರೂ ಉಳಿದ ನಂಟು

ಚಂದ್ರಗುತ್ತಿ ಸೀಮೆಯಲ್ಲಿ ಕುಟುಂಬದ ಲಿಖಿತ ಚರಿತ್ರೆ ಶುರುವಾಗುವುದು ಕಲ್ಲಿನಿಂದ. ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಈ ಸೀಮೆಯಿರುವ ಸೊರಬ ತಾಲ್ಲೂಕಿನ ಶಾಸನಗಳು ನೂರಾರಿವೆ. ಉದ್ರಿಯಂಥ ಊರುಗಳ ವೀರಗಲ್ಲುಗಳು ಹೆಸರುವಾಸಿ. ಇಂಥ ಕಲ್ಲುಗಳು ಸತ್ತವನ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು, ಮನೆಯವರಿಗೆ ಬಿಟ್ಟ ಭೂಮಿ ಯಾವುದು ಎಂಬುದನ್ನೂ ಹಲವು ಕಲ್ಲುಗಳು ದಾಖಲಿಸುತ್ತವೆ. ಗಂಡನೊಡನೆ ಚಿತೆಯೇರಿದ ಹೆಂಡತಿಗೆ ಮಾಸ್ತಿಗಲ್ಲು ಎದ್ದಿತು. ವಿಜಯನಗರದ ಮೊದಲ ದಿನಗಳಲ್ಲಿ ಚಂದ್ರಗುತ್ತಿಯಿಂದ ಆಳಿದವನು ಹರಿಹರನ ತಮ್ಮ ಮಾರಪ್ಪ. ಅಲ್ಲಿ ರಾಜ್ಯವೂ ಅಣ್ಣತಮ್ಮಂದಿರ ಕೂಡು ಆಸ್ತಿಯಂತೆಯೇ ನಡೆದಿತ್ತು.

ಮನೆಯೊಳಗಿನ ಆಸ್ತಿಗೆ ಕಟ್ಟಳೆ ಬಂದದ್ದು ಇನ್ನೂ ಹಿಂದೆ. ಈ ಸೀಮೆ ಬನವಾಸಿ ನಾಡಿನ ಭಾಗವಾಗಿ ಕಲ್ಯಾಣದ ಚಾಲುಕ್ಯರಿಗೆ ಸೇರಿದ್ದ ಕಾಲದಲ್ಲೇ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಮುಂದೆ ಬ್ರಿಟಿಷರ ಮತ್ತು ಮೈಸೂರಿನ ನ್ಯಾಯಾಲಯಗಳು ಇದನ್ನೇ ಆಧಾರವಾಗಿಟ್ಟುಕೊಂಡವು. ತಂದೆ, ಮಗ, ಮೊಮ್ಮಗ, ಮರಿಮಗ ಹೀಗೆ ನಾಲ್ಕು ತಲೆಮಾರು ಒಂದೇ ಆಸ್ತಿಯ ಪಾಲುದಾರರಾಗುವ ಕೂಡುಕುಟುಂಬಕ್ಕೆ ಕಾನೂನಿನ ಬೆನ್ನೆಲುಬು ದೊರೆತದ್ದು ಹೀಗೆ.

ಮಲೆನಾಡಿನಲ್ಲಿ ಈ ಕುಟುಂಬ ಒಡೆಯುವುದು ಮೊದಲು ಒಲೆಯ ಬಳಿ. ಅಣ್ಣತಮ್ಮಂದಿರು ಬೇರೆಯಾದಾಗ ಅಡುಗೆ ಬೇರೆಯಾಗುತ್ತದೆ, ಕೆಲವೊಮ್ಮೆ ಅದೇ ಸೂರಿನಡಿ ಗೋಡೆ ಏಳುತ್ತದೆ. ಗದ್ದೆ, ಅಡಿಕೆ ತೋಟಗಳ ಹಿಸ್ಸೆಯಾಗಿ ಪಾಲುಪಟ್ಟಿ ಬರೆಯುವುದು ವರ್ಷಗಳ ನಂತರವೂ ಆಗಬಹುದು. ಆದರೆ ಪಾಲುಪಟ್ಟಿಗೆ ಸಿಕ್ಕದ ನಂಟುಗಳು ಹಾಗೆಯೇ ಉಳಿಯುತ್ತವೆ. ಬ್ರಾಹ್ಮಣ ಕುಟುಂಬಗಳಲ್ಲಿ ಒಬ್ಬ ದಾಯಾದಿ ತೀರಿಕೊಂಡರೆ, ಮಾತು ಬಿಟ್ಟ ಮನೆಯವರಿಗೂ ಹತ್ತು ದಿನ ಸೂತಕ. ಅದೇ ಮನೆಯಲ್ಲಿ ಹುಟ್ಟಿ ಮದುವೆಯಾಗಿ ಹೋದ ಮಗಳಿಗೆ ತಂದೆತಾಯಿಯ ಸಾವಿನಲ್ಲಿ ಮೂರೇ ದಿನ. ಕೂಡಿದ್ದಾಗ ಹಿರಿಯ ಮಗ ಮಾಡುತ್ತಿದ್ದ ತಂದೆಯ ಶ್ರಾದ್ಧವನ್ನು ಬೇರೆಯಾದ ಮೇಲೆ ಮಕ್ಕಳು ತಮ್ಮ ತಮ್ಮ ಮನೆಯಲ್ಲೇ ಮಾಡುತ್ತಾರೆ. ಯಾರು ಯಾರ ಕುಟುಂಬದವರು ಎಂಬುದನ್ನು ಈ ದಿನಗಳ ಲೆಕ್ಕ ಪಹಣಿಗಿಂತ ಕಟ್ಟುನಿಟ್ಟಾಗಿ ಹೇಳುತ್ತದೆ. ಹೆಣ್ಣಿನ ಕಡೆಯ ನಂಟಿಗೆ ಬೇರೆ ದಾರಿಗಳಿವೆ: ಚೊಚ್ಚಲ ಹೆರಿಗೆ ಮತ್ತು ಬಾಣಂತನ ತವರಿನಲ್ಲಿ, ಮದುವೆ ಮುಂಜಿಗಳಲ್ಲಿ ಸೋದರಮಾವನ ಮರ್ಯಾದೆ, ಕೊಟ್ಟು ತೀರಿಸುವ ಮುಯ್ಯಿ. ನೆಟ್ಟಿಯ ಕಾಲಕ್ಕೆ ಮನೆಯಿಂದ ಮನೆಗೆ ಮುಯ್ಯಾಳು ನಡೆಯುತ್ತಿತ್ತು.

ಚದುರಿದ ಮನೆಗಳನ್ನು ಒಟ್ಟುಗೂಡಿಸುವ ಇನ್ನೊಂದು ಸೂತ್ರ ಮನೆದೇವರು. ಚಂದ್ರಗುತ್ತಿಯ ರೇಣುಕಾಂಬೆಗೆ ನಡೆದುಕೊಳ್ಳುವ ಒಕ್ಕಲುಗಳು ದೂರದ ಊರುಗಳಲ್ಲೂ ಇವೆ. ಆಕೆಯ ಐತಿಹ್ಯವೇ ಗಂಡ, ಹೆಂಡತಿ, ಮಗ ಈ ಮೂವರ ಕಥೆ: ಜಮದಗ್ನಿಯ ಮಾತಿಗೆ ಪರಶುರಾಮ ತಾಯಿಯ ತಲೆ ಕಡಿದದ್ದು. ಹಿರಿಯರು ಹೊತ್ತ ಹರಕೆಯನ್ನು ಕಿರಿಯರು ತೀರಿಸಬೇಕೆಂಬ ನಂಬಿಕೆಯೇ ಇಲ್ಲಿನ ಬೆತ್ತಲೆ ಸೇವೆಯನ್ನೂ ತಲೆಮಾರಿನಿಂದ ತಲೆಮಾರಿಗೆ ದಾಟಿಸಿತು. 1986ರ ಜಾತ್ರೆಯಲ್ಲಿ ಇದನ್ನು ವಿರೋಧಿಸಿದವರ ಮೇಲೆ ಮತ್ತು ಪೊಲೀಸರ ಮೇಲೆ ಹಲ್ಲೆಯಾಯಿತು; ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು.

ಮನೆಯೊಳಗಿನ ಹಕ್ಕುಗಳನ್ನು ಕಾನೂನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿತು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ತಡೆಯಿತು. 1933ರ ಮೈಸೂರು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಪಾಲಿನ ಹೊತ್ತಿನಲ್ಲಿ ತಾಯಿ, ವಿಧವೆ ಹಾಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಅಂಶ ಕೊಟ್ಟಿತು. ಮನೆಯ ಹಕ್ಕಿನ ಜೊತೆಗೆ ಜಮೀನಿನ ಹಕ್ಕಿನ ಪ್ರಶ್ನೆಯೂ ಎದ್ದಿತು: 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರ ದನಿಯಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಸೊರಬ, ಸಾಗರಗಳ ಗೇಣಿದಾರರನ್ನು, ಅವರಲ್ಲೂ ದೀವರ ಸಮುದಾಯದವರನ್ನು, ಭೂಮಿಯ ಒಡೆಯರನ್ನಾಗಿಸಿತು. ಹಿರಿಯನೊಬ್ಬನ ಹೆಸರಿಗೆ ಬಂದ ಜಮೀನು ಇಡೀ ಕುಟುಂಬದ್ದೇ ಎಂಬ ವಾದ ರಾಜ್ಯದ ನ್ಯಾಯಾಲಯಗಳಿಗೆ ಮತ್ತೆ ಮತ್ತೆ ಬಂತು. 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳಾಗಿಸಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು.

ಇದೆಲ್ಲ ವಿದ್ವತ್ತಿನ ವಿಷಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಎಂ. ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಬಳಿ ಮಾಡಿದ ಎಂ.ಎ. ಪ್ರಬಂಧ ಮೈಸೂರಿನ ಮದುವೆ ಮತ್ತು ಕುಟುಂಬವನ್ನು ಕುರಿತದ್ದು. ಅದು 1942ರಲ್ಲಿ ಪುಸ್ತಕವಾಯಿತು. ಡಾಕ್ಟರೇಟ್‌ಗೆ ಅವರು ಕೊಡವರನ್ನು ಆರಿಸಿಕೊಂಡು, ಅವರ ಒಕ್ಕ ಎಂಬ ಕೂಡುಕುಟುಂಬ ಆಚರಣೆಗಳ ಮೂಲಕ ಹೇಗೆ ಒಗ್ಗಟ್ಟು ಕಾಯ್ದುಕೊಳ್ಳುತ್ತದೆಂದು ತೋರಿಸಿದರು. ಶಿವಮೊಗ್ಗದ ಮಲೆನಾಡಿಗೆ 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಹಾರ್ಪರ್ ಬಂದರು. ಹವ್ಯಕ ಬ್ರಾಹ್ಮಣರ ಒಂದು ಊರಿಗೆ ತೋಟಗದ್ದೆ ಎಂಬ ಕಲ್ಪಿತ ಹೆಸರಿಟ್ಟು, ಅಡಿಕೆಯ ಆರ್ಥಿಕತೆ, ಮಡಿಮೈಲಿಗೆ, ವಿಧವೆಯರ ಬಗೆಗಿದ್ದ ಭಯ ಇವುಗಳ ಬಗ್ಗೆ ಬರೆದರು. ಅದೇ ತೋಟಗದ್ದೆಗೆ 1964ರಲ್ಲಿ ಬಂದ ಹೆಲೆನ್ ಉಲ್‌ರಿಚ್ ಭಾಷಾಶಾಸ್ತ್ರದಿಂದ ಆರಂಭಿಸಿ, ಮುಂದೆ ಮನೋವೈದ್ಯೆಯಾಗಿಯೂ ದಶಕಗಳ ಕಾಲ ಅಲ್ಲಿಗೆ ಮರಳಿದರು. ಅಲ್ಲಿನ ಮಹಿಳೆಯರ ಬಗ್ಗೆ ಅವರ ಪುಸ್ತಕ 2017ರಲ್ಲಿ ಹೊರಬಂತು. ಮೈನೆರೆಯುವ ಮುನ್ನ ಮದುವೆಯಾದ ಅಜ್ಜಿ, ತಲೆ ಬೋಳಿಸಿಕೊಂಡ ವಿಧವೆ, ಓದಿ ಕೆಲಸಕ್ಕೆ ಹೋದ ಮೊಮ್ಮಗಳು ಒಂದೇ ಅಧ್ಯಯನದೊಳಗೆ ಬಂದದ್ದು ಇಂಥ ದೀರ್ಘ ಒಡನಾಟದಿಂದ.

ವಿಧಾನದ ಪಾಠವೂ ಇಲ್ಲಿದೆ. ಜನಗಣತಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಮನೆಯೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ಕೂಡುಕುಟುಂಬ ಮುರಿದುಬಿದ್ದಂತೆಯೇ ಕಾಣುತ್ತದೆ. ಮನೆ ಮತ್ತು ಕುಟುಂಬ ಬೇರೆ ಬೇರೆ ಎಂದು ಐ. ಪಿ. ದೇಸಾಯಿ, ಎ. ಎಂ. ಷಾ ಗುಜರಾತಿನ ಅಧ್ಯಯನಗಳಿಂದ ತೋರಿಸಿದ್ದು ಚಂದ್ರಗುತ್ತಿ ಸೀಮೆಗೂ ಹೊಂದುತ್ತದೆ. ಊರಲ್ಲಿ ತೋಟ ನೋಡಿಕೊಳ್ಳುವ ಅಣ್ಣನದೂ ಬೆಂಗಳೂರಿನಲ್ಲಿ ದುಡಿಯುವ ತಮ್ಮನದೂ ಗಣತಿಗೆ ಎರಡು ಮನೆ. ಸೂತಕಕ್ಕೆ, ಮನೆದೇವರಿಗೆ, ಆಸ್ತಿಯ ದಾವೆಗೆ ಅವರದು ಒಂದೇ ಕುಟುಂಬ.